ಡ್ರಾಯರಿನೊಳಗೆ ನಿಂತ ವಾಚುಗಳು

ದಾವಣಗೆರೆಯ ಮಂಡಿಪೇಟೆ ಕಡೆ ಹೋಗುವ ದಾರಿಯಲ್ಲಿ, ಬಟ್ಟೆ ಅಂಗಡಿಯೊಂದರ ಮೆಟ್ಟಿಲಿಗೆ ಆತುಕೊಂಡಂತೆ ಒಂದು ವಾಚ್ ರಿಪೇರಿ ಅಂಗಡಿ ಇದೆ. ಅಂಗಡಿ ಅನ್ನುವುದು ಗೌರವಕ್ಕೆ. ಇರುವುದು ಮೂರಡಿ ಅಗಲದ ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಒಂದು ಟೇಬಲ್ ಲ್ಯಾಂಪು. ಅಲ್ಲಿ ನಡೆದ ಒಂದು ಚೌಕಾಸಿ ತಲೆಯಿಂದ ಹೋಗುತ್ತಿಲ್ಲ. ಗಿರಾಕಿಗೆ ಮೂವತ್ತರ ಆಸುಪಾಸು. ಎಡಗೈಯಲ್ಲಿ ಇಪ್ಪತ್ತೈದು ಸಾವಿರಕ್ಕೆ ಕಮ್ಮಿಯಿಲ್ಲದ, ಕೈಯ ಅಲುಗಾಟಕ್ಕೇ ಕೀ ತುಂಬಿಕೊಳ್ಳುವ ಸೈಕೊ ಆಟೋಮ್ಯಾಟಿಕ್, ಬಲಗೈಯಲ್ಲಿ ಸರ್ವಿಸ್‌ಗೆ ತಂದ, ಕೀ ಕೊಡುವ ಹಳೆಯ ಎಚ್‌ಎಂಟಿ ಜನತಾ. ‘ಪೂರ್ತಿ ಬಿಚ್ಚಿ ತೊಳೀಬೇಕಪ್ಪ, ಏಳ್ನೂರು ಆಗುತ್ತೆ’ ಅಂದರು ಯಜಮಾನರು. ‘ಏಳ್ನೂರಾ ಅಂಕಲ್? ಬರೀ ಎಣ್ಣೆ ಬಿಡೋಕೆ? ಇನ್ನೂರು ತಗೊಳ್ಳಿ.’ ಯಜಮಾನರು ವಾದ ಮಾಡಲಿಲ್ಲ. ಬೆನ್ನಿನ ಮುಚ್ಚಳ ತೆಗೆದು, ತಮ್ಮ ಕಣ್ಣಿಗಿದ್ದ ಐ-ಗ್ಲಾಸನ್ನೇ ಕಿತ್ತು ಅವನ ಕೈಗಿಟ್ಟರು. ‘ಆ ಕೆಂಪು ಕಲ್ಲಿನ ಸುತ್ತ ನೋಡು. ಎಣ್ಣೆ ಎಲ್ಲೈತೆ ಹೇಳು?’ ಚಕ್ರದ ಮೊನೆ ತಿರುಗುವ ಆ ಕಲ್ಲಿನ ಸುತ್ತ ಇದ್ದದ್ದು ಕಾಫಿ ಲೋಟದ ತಳದಲ್ಲಿ ಒಣಗಿದಂಥ ಒಂದು ಕಂದು ಉಂಗುರ ಮಾತ್ರ. ಅವನು ನೋಡಿದ, ಮೊಬೈಲಿನಲ್ಲಿ ಅದರದ್ದೂ ಒಂದು ಫೋಟೊ ತೆಗೆದುಕೊಂಡ, ‘ಮುಂದಿನ ವಾರ ಬರ್ತೀನಿ ಅಂಕಲ್’ ಅಂತ ಹೊರಟ.

ವಾಚ್ ಹುಚ್ಚಿನವರ ಗುಟ್ಟುಗಳು ಅಂದರೆ ಎಲ್ಲರಿಗೂ ನೆನಪಾಗುವುದು ಮನೆಯವರಿಗೆ ಹೇಳುವ ಸುಳ್ಳು. ಅದು ನಗುವ ವಿಷಯ, ಅದರಿಂದ ಯಾರಿಗೂ ನಷ್ಟವಿಲ್ಲ, ಜೇಬಿಗೊಂದು ಬಿಟ್ಟರೆ. ನಿಜಕ್ಕೂ ನಾಚಿಕೆಪಡಬೇಕಾದದ್ದು ಈ ಚೌಕಾಸಿಯಲ್ಲಿದೆ. ‘ಕೀ ಕೊಡೋ ವಾಚಿಗೆ ಜೀವ ಇರುತ್ತೆ, ಮೊಮ್ಮಕ್ಕಳ ಕಾಲಕ್ಕೂ ಓಡುತ್ತೆ’ ಅನ್ನುವ ಅದೇ ಬಾಯಿ, ಆ ಜೀವ ಉಳಿಸುವ ಕೆಲಸಕ್ಕೆ ಐನೂರು ರೂಪಾಯಿ ಕಡಿಮೆ ಮಾಡಿ ಅನ್ನುತ್ತದೆ.

ಟೈಮ್ ಬೇಕಾದರೆ ಬೇರೆ ವಾಚು

ಮೊದಲು ಸಣ್ಣ ಪಾಪಗಳನ್ನು ಮುಗಿಸೋಣ. ಸೆಲ್ಲಿನಿಂದ ಓಡುವ ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸಾಮಾನ್ಯ ಕ್ವಾರ್ಟ್ಜ್ ತಿಂಗಳಿಗೆ ಹದಿನೈದಿಪ್ಪತ್ತು ಸೆಕೆಂಡು ಆಚೀಚೆ ಹೋದರೆ ಹೆಚ್ಚು. ಜನತಾದಲ್ಲಿ ಅತ್ತಿತ್ತ ತೂಗಿ ಹೊತ್ತು ಅಳೆಯುವ ಬ್ಯಾಲೆನ್ಸ್ ಚಕ್ರದ್ದು ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಚೆನ್ನಾಗಿ ಸರ್ವಿಸ್ ಆದ ಜನತಾ ದಿನಕ್ಕೆ ಇಪ್ಪತ್ತು ಸೆಕೆಂಡು ಮುಂದೆ ಹೋದರೆ ‘ಭಾರೀ ಓಡ್ತಾ ಇದೆ’ ಅನ್ನುತ್ತೇವೆ. ಆದರೆ ತಿಂಗಳಿಗೆ ಅದು ಹತ್ತು ನಿಮಿಷ. ನಿಖರತೆಗೆ ಕೊಡುವ ಸ್ವಿಟ್ಜರ್ಲೆಂಡಿನ ಕ್ರೋನೋಮೀಟರ್ ಸರ್ಟಿಫಿಕೇಟ್ ಹೊತ್ತ ಲಕ್ಷಾಂತರ ರೂಪಾಯಿಯ ವಾಚಿಗೂ ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಹೋಗುವ ಸ್ವಾತಂತ್ರ್ಯ ಇದೆ. 1989ರಲ್ಲಿ ಬಂದ ಕ್ಯಾಸಿಯೊ ಎಫ್-91ಡಬ್ಲ್ಯೂ ಎಂಬ ಪ್ಲಾಸ್ಟಿಕ್ ವಾಚು ಒಂದು ಇಡೀ ತಿಂಗಳಿಗೆ 30 ಸೆಕೆಂಡಿನ ಒಳಗೆ ಇರುತ್ತೇನೆ ಅನ್ನುತ್ತದೆ. ಸುಮ್ಮನೆ ಒಬ್ಬ ಸಂಗ್ರಾಹಕನ ಮನೆಯ ಡ್ರಾಯರ್ ತೆಗೆದು ನೋಡಿ. ಅಲ್ಲೊಂದು ಕ್ಯಾಸಿಯೊ ಇದ್ದೇ ಇರುತ್ತದೆ. ಬೇರೆ ವಾಚುಗಳಿಗೆ ಟೈಮ್ ಹೊಂದಿಸುವುದು ಅದನ್ನು ನೋಡಿಯೇ.

ಆಟೋಮ್ಯಾಟಿಕ್‌ಗಳ ಕತೆ ಇನ್ನೂ ಚಂದ. ಸೈಕೊ 5ರ ಹಳೆಯ 7ಎಸ್26 ಮಷಿನ್ ಕೈಯಿಂದ ಬಿಚ್ಚಿಟ್ಟರೆ ಸುಮಾರು 41 ಗಂಟೆಗೆ ನಿಲ್ಲುತ್ತದೆ. ಅದಕ್ಕೆ ಕೀ ಕೊಡಲು ಬರುವುದಿಲ್ಲ, ಅಲ್ಲಾಡಿಸಿಯೇ ಎಬ್ಬಿಸಬೇಕು. ಐದು ಆಟೋಮ್ಯಾಟಿಕ್ ಇಟ್ಟವನ ಮನೆಯಲ್ಲಿ ಯಾವತ್ತೂ ಮೂರು ವಾಚು ನಿಂತಿರುತ್ತವೆ, ಅವುಗಳ ತಾರೀಖು ಮೂರು ಬಗೆ. ಆಫೀಸಿಗೆ ಹೊತ್ತಾದಾಗ ತಾರೀಖು ಸರಿ ಮಾಡುವ ಪುರುಸೊತ್ತಿಲ್ಲ, ಹಂಗೇ ಕಟ್ಟಿಕೊಂಡು ಹೋಗುವುದು. ಇನ್ನು ರಾತ್ರಿ ಊಟ ಮುಗಿಸಿ ಆರಾಮಾಗಿ ಕೂತು ತಾರೀಖು ತಿರುಗಿಸುವವರು ಗಮನಿಸಬೇಕು: ವಾಚಿನ ಮುಳ್ಳು ರಾತ್ರಿ ಒಂಬತ್ತರಿಂದ ಬೆಳಗಿನ ನಾಲ್ಕರ ಮಧ್ಯೆ ಇದ್ದಾಗ ತಾರೀಖಿನ ಚಕ್ರಕ್ಕೆ ಮಷಿನ್ನಿನ ಹಲ್ಲು ಕಚ್ಚಿಕೊಂಡಿರುತ್ತದೆ. ಆಗ ಬಲವಂತವಾಗಿ ತಿರುಗಿಸಿದರೆ ಹಲ್ಲು ಮುರಿಯುತ್ತದೆ. ಮುಳ್ಳನ್ನು ಮೊದಲು ಆರೂವರೆಗೆ ತಂದು, ಹಿಂದಿನ ದಿನದ ತಾರೀಖು ಇಟ್ಟು, ಅಲ್ಲಿಂದ ಮುಂದಕ್ಕೆ ತಿರುಗಿಸಿಕೊಂಡು ಬರುವುದು ಸರಿಯಾದ ಕ್ರಮ.

ಕ್ವಾರ್ಟ್ಜ್ ಕಂಡರೆ ಮೂಗು ಮುರಿಯುವವರು ಮಾಡುವ ಇನ್ನೊಂದು ಅನ್ಯಾಯ ಇದೆ. ಅಪರೂಪಕ್ಕೆ ಕೊಂಡ ಕ್ವಾರ್ಟ್ಜನ್ನು ಸೆಲ್ ಮುಗಿದ ಮೇಲೆ ಅದೇ ಸ್ಥಿತಿಯಲ್ಲಿ ವರ್ಷಗಟ್ಟಲೆ ಇಟ್ಟುಬಿಡುತ್ತಾರೆ. ಸತ್ತ ಸೆಲ್ ಸೋರಿ ಸರ್ಕ್ಯೂಟನ್ನು ತಿಂದುಹಾಕುತ್ತದೆ. ಹೊಸ ಸೆಲ್ ಹಾಕಲು ಇಷ್ಟವಿಲ್ಲದಿದ್ದರೆ ಹಳೆಯದನ್ನಾದರೂ ತೆಗೆಸಿ ಇಡಬೇಕು.

ಕಪ್ಪು ಡಯಲ್‌ನ ಅನುಕೂಲ

ಮನೆಯವರಿಗೆ ಹೇಳುವ ಸುಳ್ಳಿನ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ಗೊತ್ತಿರುವುದೇ. ಪಾರ್ಸಲ್ ಬರುವುದು ಆಫೀಸಿನ ವಿಳಾಸಕ್ಕೆ. ಡಬ್ಬಿ ಅಲ್ಲೇ ಉಳಿಯುತ್ತದೆ, ವಾಚು ಕೈಮೇಲೆ ಮನೆಗೆ ಬರುತ್ತದೆ. ಎಲ್ಲ ವಾಚಿನ ಡಯಲ್ಲೂ ಕಪ್ಪಾಗಿದ್ದರೆ ಕೆಲಸ ಸಲೀಸು. ಹೊಸದಕ್ಕೆ ಹಳೆಯದರ ಬೆಲ್ಟ್ ಹಾಕಿಬಿಟ್ಟರೆ ಮುಗಿಯಿತು. ಬೆಲ್ಟ್ ಸಿಕ್ಕಿಸುವ ಲಗ್ಗಿನ ಅಗಲ ಒಂದೇ ಇರಬೇಕಷ್ಟೆ. 20 ಮಿಲಿಮೀಟರಿನ ವಾಚುಗಳನ್ನೇ ಹುಡುಕಿ ಕೊಳ್ಳುವವರಿದ್ದಾರೆ, ಬೆಲ್ಟು ಉಳಿಯುತ್ತದೆ ಅಂತಲ್ಲ. ಹೆಸರೂ ಸೇರಿ ನಕಲಾದ ಫಸ್ಟ್ ಕಾಪಿ ಕಟ್ಟುವವರನ್ನು ಎಲ್ಲರೆದುರು ಆಡಿಕೊಂಡು, ಅದೇ ಸ್ವಿಸ್ ವಾಚಿನ ರೂಪವನ್ನು ಗೆರೆ ಬಿಡದೆ ನಕಲು ಮಾಡಿ ಹೆಸರು ಮಾತ್ರ ಬದಲಿಸಿದ ಚೀನಾ ವಾಚಿಗೆ ‘ಹೊಮಾಜ್’, ಅಂದರೆ ಗೌರವಾರ್ಪಣೆ, ಅನ್ನುವುದೂ ನಡೆಯುತ್ತದೆ. ಕಾನೂನಿನ ಲೆಕ್ಕದಲ್ಲಿ ಎರಡೂ ಒಂದೇ ಅಲ್ಲ, ಒಪ್ಪುತ್ತೇನೆ. ಕಟ್ಟಿಕೊಂಡವನ ಆಸೆಯ ಲೆಕ್ಕದಲ್ಲಿ ಒಂದೇ.

ಮಾರಿಕಣಿವೆಗೆ ಬೀಳುವ ವಾಚು

ಡೈವರ್ ವಾಚಿನ ಮೇಲೆ 200 ಮೀಟರ್ ಅಂತ ಬರೆದಿರುತ್ತದೆ. ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ, ನಮ್ಮ ಮಾರಿಕಣಿವೆ, 1933ರ ಮೇಲೆ 89 ವರ್ಷ ಕಾದು 2022ರಲ್ಲಿ ಕೋಡಿ ಬಿತ್ತಲ್ಲ, ಆಗ ಅದರ ನೀರಿನ ಮಟ್ಟ 130 ಅಡಿ. ಮೀಟರಿಗೆ ತಿರುಗಿಸಿದರೆ ನಲವತ್ತೂ ಇಲ್ಲ. ಅಂಥ ಐದು ಮಾರಿಕಣಿವೆಗಳನ್ನು ಒಂದರ ಮೇಲೊಂದು ಇಟ್ಟ ಆಳಕ್ಕೆ ತಡೆಯುವ ವಾಚನ್ನು ಕಟ್ಟಿಕೊಂಡವನು ಬಚ್ಚಲಿಗೆ ಹೋಗುವ ಮುಂಚೆ ಬಿಚ್ಚಿ ಕನ್ನಡಿ ಮುಂದೆ ಇಡುತ್ತಾನೆ. ಬಿಚ್ಚುವುದು ಸರಿಯೇ. ಬಿಸಿನೀರಿನ ಹಬೆಗೆ ಒಳಗಿನ ರಬ್ಬರ್ ಗ್ಯಾಸ್ಕೆಟ್ ಬೇಗ ಗಟ್ಟಿಯಾಗುತ್ತದೆ, ಸೋಪು ಅದನ್ನು ಇನ್ನಷ್ಟು ಕೆಡಿಸುತ್ತದೆ. ಆದರೆ ಹತ್ತು ವರ್ಷದಿಂದ ಗ್ಯಾಸ್ಕೆಟ್ ಬದಲಿಸದ ಡೈವರ್ ವಾಚಿಗಿಂತ ಹೋದ ವರ್ಷ ಬದಲಿಸಿದ ಮಾಮೂಲಿ ವಾಚು ನೀರಿಗೆ ಹೆಚ್ಚು ತಡೆಯಬಹುದು ಅನ್ನುವುದನ್ನು ಯಾರೂ ಡಯಲ್ ಮೇಲೆ ಬರೆಯುವುದಿಲ್ಲ. ‘30 ಮೀಟರ್’ ಅಂತ ಬರೆದದ್ದಂತೂ ಕೈ ತೊಳೆಯುವಾಗ ಹನಿ ಸಿಡಿದರೆ ಪರವಾಗಿಲ್ಲ ಅನ್ನುವಷ್ಟೇ ಅರ್ಥದ್ದು. ಲ್ಯಾಬಿನಲ್ಲಿ ಅಲ್ಲಾಡದ ನೀರಿನ ಒತ್ತಡಕ್ಕೆ ಕೊಟ್ಟ ಅಂಕಿ ಅದು. ಈಜಾಡಲು 100 ಮೀಟರಿನದ್ದು ಬೇಕು, ಅದರ ಕೀಯನ್ನು ಒತ್ತಿ ಭದ್ರ ಮಾಡಿರಬೇಕು.

ವೇಗ ಅಳೆಯಲು ವಾಚಿನ ಅಂಚಿನಲ್ಲಿ ಬರೆದ ಅಂಕಿಪಟ್ಟಿ, ಟ್ಯಾಕಿಮೀಟರಿನ ಗತಿಯೂ ಇದೇ. ಹೆದ್ದಾರಿಯ ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ 45 ಸೆಕೆಂಡು ಹಿಡಿದರೆ ಮುಳ್ಳು 80ರ ಮೇಲೆ ನಿಂತು ನಿಮ್ಮ ವೇಗ ಹೇಳುತ್ತದೆ. ಎದುರಿಗೇ ಸ್ಪೀಡೋಮೀಟರ್ ಇರುವ ಕಾರಿನಲ್ಲಿ. ಆ ಕ್ರೋನೋಗ್ರಾಫಿನ, ಅಂದರೆ ಸ್ಟಾಪ್ ವಾಚ್ ಇರುವ ವಾಚಿನ, ಗುಂಡಿಗಳನ್ನು ಅತಿ ಹೆಚ್ಚು ಒತ್ತುವುದು ಇಡ್ಲಿ ಬೇಯುವುದನ್ನು ಅಳೆಯಲು.

ಎರಡು ದೇಶದ ಸಮಯ ಒಟ್ಟಿಗೆ ತೋರಿಸುವ ಜಿಎಂಟಿ ವಾಚು ಕೊಳ್ಳುವವರಿಗೆ ಮಾತ್ರ ಒಂದು ಗುಟ್ಟು ಹೇಳಬೇಕು. ನಮ್ಮ ಸಮಯ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಆ ಅರ್ಧ ಗಂಟೆಯಿಂದಾಗಿ ಜಿಎಂಟಿ ವಾಚಿನ 24 ಗಂಟೆಯ ಬೆಜೆಲ್, ಅಂದರೆ ಡಯಲ್ ಸುತ್ತಲಿನ ಬಳೆ, ನಮ್ಮ ಪಾಲಿಗೆ ಯಾವಾಗಲೂ ಎರಡು ಅಂಕಿಗಳ ನಡುವೆಯೇ ಬೀಳುತ್ತದೆ. ಆದರೆ ಅದೇ ಅರ್ಧ ಗಂಟೆಯ ಪುಣ್ಯದಿಂದ ಯಾವುದೇ ಮುಳ್ಳಿನ ವಾಚನ್ನು ತಲೆಕೆಳಗೆ ಹಿಡಿದರೆ ಸಾಕು, ಗ್ರೀನಿಚ್ ಸಮಯ ಕಾಣುತ್ತದೆ. ನಮ್ಮಲ್ಲಿ ಮೂರು ಗಂಟೆ ಇದ್ದಾಗ ತಿರುಗಿಸಿ ನೋಡಿ: ಗಂಟೆ ಮುಳ್ಳು ಒಂಬತ್ತಕ್ಕೆ, ನಿಮಿಷದ ಮುಳ್ಳು ಆರಕ್ಕೆ. ಒಂಬತ್ತೂವರೆ. ಲಂಡನ್ನಿನಲ್ಲಿ ಬೇಸಿಗೆ ಸಮಯ ನಡೆಯುತ್ತಿದ್ದರೆ ಅದಕ್ಕೊಂದು ಗಂಟೆ ಕೂಡಿಸಿ. ಸಂತೆಯಲ್ಲಿ ಕೊಂಡ ಐನೂರು ರೂಪಾಯಿ ವಾಚಿಗೂ ಇದು ಬರುತ್ತದೆ.

ಕಾಂಚನ, ಜನತಾ, ಮತ್ತೆ ಬಣ್ಣ

ಈಗ ಎಚ್‌ಎಂಟಿ. ಇದರ ಬಗ್ಗೆ ನಮ್ಮ ಕಡೆಯವರಿಗೆ ಒಂದು ತೂಕ ಹೆಚ್ಚು ಅಭಿಮಾನ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದದ್ದು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು, ದಾವಣಗೆರೆ–ಚಿತ್ರದುರ್ಗದಿಂದ ಬೆಂಗಳೂರು ಬಸ್ಸು ಹತ್ತಿದವರ ದಾರಿಯ ಊರಿನಲ್ಲೇ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ತುಮಕೂರಿನ ಜಾಗ ಈಗ ಇಸ್ರೊಗೆ ಹೋಗಿದೆ. ಮುಚ್ಚುವ ಸುದ್ದಿ ಬಂದದ್ದೇ ತಡ, ಎಲ್ಲರಿಗೂ ಎಚ್‌ಎಂಟಿ ಬೇಕಾಯಿತು. ಅದಕ್ಕೂ ಮುಂಚೆ ಇಪ್ಪತ್ತೈದು ವರ್ಷ ಇದೇ ಜನ ಹೊಸೂರಿನಿಂದ ಬಂದ ಟೈಟನ್ ಕ್ವಾರ್ಟ್ಜ್ ಕಟ್ಟಿಕೊಂಡು, ಅಪ್ಪನ ಎಚ್‌ಎಂಟಿಯನ್ನು ಗೋದ್ರೆಜ್ ಬೀರುವಿನ ಲಾಕರಿಗೆ ಹಾಕಿದ್ದರು. ಕಾರ್ಖಾನೆ ನಡೆಯುತ್ತಿದ್ದಾಗ ಒಂದೂ ಕೊಳ್ಳದವನು ಈಗ ಹದಿಮೂರು ಇಟ್ಟುಕೊಂಡು ‘ಸರ್ಕಾರ ಸಾಯಿಸಿಬಿಡ್ತು’ ಅನ್ನುತ್ತಾನೆ.

ಅಭಿಮಾನದ ಇನ್ನೊಂದು ತುದಿ ಕಾಂಚನ. ಚಿನ್ನದ ಬಣ್ಣದ, ವಾರ-ತಾರೀಖಿನ ಆಟೋಮ್ಯಾಟಿಕ್; ಒಂದು ಕಾಲದಲ್ಲಿ ಕೇಳಿದ ಕೂಡಲೇ ಸಿಗುತ್ತಿರಲಿಲ್ಲ. ಗಂಡಿನ ಕಡೆಯವರು ಸೂಟು, ಉಂಗುರದ ಜೊತೆ ಹೆಸರು ಹಿಡಿದು ಕೇಳುತ್ತಿದ್ದ ವಾಚು ಇದು. ಸಂಗ್ರಹಕ್ಕೆ ಬಂದ ಎಷ್ಟೋ ಕಾಂಚನಗಳು ವರದಕ್ಷಿಣೆಯ ಪಟ್ಟಿಯಿಂದ ಇಳಿದು ಬಂದವು. ಹಾಗೆಯೇ ಎಷ್ಟೋ ಜನತಾ, ಎಚ್‌ಎಂಟಿಯದೇ ಪೈಲಟ್‌ಗಳ ಬೆನ್ನಿನ ಮೇಲೆ ಹೆಸರು ಕೊರೆದಿರುತ್ತದೆ: ಇಂಥವರಿಗೆ, ಇಷ್ಟು ವರ್ಷದ ಸೇವೆಗೆ ಅಂತ. ಮಾರುವವನು ಅದನ್ನು ಉಜ್ಜಿ ಅಳಿಸುತ್ತಾನೆ, ಏಕೆಂದರೆ ಕೊಳ್ಳುವವನಿಗೆ ಬೇರೆಯವರ ನಿವೃತ್ತಿ ಬೇಡ. ಓರೆ ಬೆಳಕಿನಲ್ಲಿ ಹಿಡಿದರೆ ಉಜ್ಜಿದ ಜಾಗ ಒಂದಿಷ್ಟು ತಗ್ಗಾಗಿ ಕಾಣುತ್ತದೆ, ಒಮ್ಮೊಮ್ಮೆ ಒಂದೆರಡು ಅಕ್ಷರವೂ ಉಳಿದಿರುತ್ತವೆ.

ಹಳೆಯದು ಬೇಕು, ಆದರೆ ಹೊಸದರಂತೆ ಕಾಣಬೇಕು. ಈ ಎರಡು ಆಸೆಗಳ ನಡುವೆ ಹುಟ್ಟಿದ್ದೇ ಸಂಗ್ರಾಹಕರು ‘ಮುಂಬೈ ಸ್ಪೆಷಲ್’ ಅನ್ನುವ ಸರಕು: ಹಳೆಯ ಡಯಲ್ ಕೆರೆದು, ಎಚ್‌ಎಂಟಿ ಆ ವಾಚಿಗೆ ಹಾಕಿರದ ಕಿತ್ತಳೆ, ಗಿಳಿಹಸಿರು ಬಣ್ಣ ಬಳಿದು, ಮೇಲೆ ಹೆಸರು ಅಚ್ಚು ಹಾಕಿದ್ದು. ಗುರುತು ಹಿಡಿಯುವುದು ಕಷ್ಟವಲ್ಲ. ಹತ್ತುಪಟ್ಟು ದೊಡ್ಡದು ತೋರಿಸುವ ಲೆನ್ಸಿನಲ್ಲಿ ಅಕ್ಷರದ ಅಂಚು ನೋಡಿ; ಕಾರ್ಖಾನೆಯ ಅಚ್ಚು ಕತ್ತರಿಸಿಟ್ಟ ಹಾಗಿರುತ್ತದೆ, ಮರುಅಚ್ಚು ಉಬ್ಬಿ ಹರಡಿರುತ್ತದೆ. ನಿಮಿಷದ ಗೆರೆಗಳು ಗಂಟೆಯ ಕಡ್ಡಿಗಳಿಗೆ ನೇರ ಬರುತ್ತವೆಯೇ ನೋಡಿ. ಡಯಲ್ ಫಳಫಳ, ಮುಳ್ಳಿನ ಮೇಲೆ ಮಾತ್ರ ತುಕ್ಕು ಇದ್ದರೆ ಎರಡೂ ಬೇರೆ ಬೇರೆ ಮನೆಯಿಂದ ಬಂದವು. (ಹಳೆಯ ಡಯಲ್ ಕೆರೆಯುವವರಿಗೆ ಒಂದು ಮಾತು: 1960ರ ದಶಕದವರೆಗಿನ ವಿದೇಶಿ ವಾಚುಗಳ ಅಂಕಿಗಳಲ್ಲಿ ನಿಜವಾದ ರೇಡಿಯಂ ಇರಬಹುದು. ಹೊಳೆಯುವುದು ನಿಂತಿದ್ದರೂ ವಿಕಿರಣ ನಿಂತಿರುವುದಿಲ್ಲ, ರೇಡಿಯಂ ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಆ ಪುಡಿಯನ್ನು ಉಸಿರಿಗೆ ಎಳೆದುಕೊಳ್ಳಬಾರದು. ಈಗಿನ ಹೊಸ ವಾಚಿಗೆ ನಾವು ರೂಢಿಯಲ್ಲಿ ‘ರೇಡಿಯಂ’ ಅನ್ನುವುದು ಬೆಳಕು ಕುಡಿದು ಹೊಳೆಯುವ ಬೇರೆಯೇ ಬಣ್ಣ, ಅದರ ಭಯವಿಲ್ಲ.)

ಬಣ್ಣದ ಡಯಲ್ ಕಂಡರೆ ಹಳಬ ಸಂಗ್ರಾಹಕರು ಛೀ ಅನ್ನುತ್ತಾರೆ. ಆದರೆ ಅವರ ‘ಪೂರ್ತಿ ಒರಿಜಿನಲ್’ ಜನತಾದ ಬ್ಯಾಲೆನ್ಸ್ ಸ್ಟಾಫ್, ಅಂದರೆ ಬ್ಯಾಲೆನ್ಸ್ ಚಕ್ರವನ್ನು ಹೊತ್ತ ಕಡ್ಡಿ, ಎಲ್ಲಿಂದ ಬಂತು ಕೇಳಿ. ಹೊಸ ಪಾರ್ಟ್ ಸಿಗುವುದು ಅಪರೂಪ. ಒಂದು ಓಡಬೇಕಾದರೆ ಇನ್ನೊಂದನ್ನು ಬಿಚ್ಚಲೇಬೇಕು. ಮಂಡಿಪೇಟೆಯ ಯಜಮಾನರ ಬಳಿ ಒಂದು ಹಳೆಯ ಬಿಸ್ಕತ್ ಡಬ್ಬಿ ತುಂಬ ಅಂಥ ದಾನಿಗಳಿವೆ, ಗಾಜಿಲ್ಲದವು, ಮುಳ್ಳಿಲ್ಲದವು. ಉಳಿಸುತ್ತೇವೆ ಅಂದುಕೊಂಡು ಕೊಂಡ ಒಂದೊಂದು ಜನತಾದ ಹೊಟ್ಟೆಯಲ್ಲೂ ಇನ್ನೊಂದೆರಡು ಜನತಾಗಳಿವೆ.

ಒಂದು ತೊಟ್ಟು

ಹಾಗಿದ್ದರೆ ಆ ಏಳುನೂರು ರೂಪಾಯಿಗೆ ಏನು ನಡೆಯುತ್ತದೆ? ಬೆನ್ನು ತೆಗೆದ ಕೂಡಲೇ ಮೊದಲು ಸ್ಪ್ರಿಂಗಿನ ಬಲ ಇಳಿಸಬೇಕು. ಕೀಯನ್ನು ಬೆರಳಲ್ಲಿ ಹಿಡಿದು, ಕ್ಲಿಕ್ ಅನ್ನುವ ಸಣ್ಣ ನಾಲಗೆಯನ್ನು ಕಡ್ಡಿಯಿಂದ ಸರಿಸಿ, ಕೀ ಹಿಂದಕ್ಕೆ ಸುತ್ತುವುದನ್ನು ನಿಧಾನ ಬಿಡಬೇಕು. ಇದನ್ನು ಮರೆತು ಚಕ್ರಗಳನ್ನು ಹಿಡಿದಿಡುವ ಸೇತುವೆಯ ಸ್ಕ್ರೂ ಬಿಚ್ಚಿದರೆ ಚಕ್ರಗಳು ಒಮ್ಮೆಲೇ ಗಿರ್ರನೆ ತಿರುಗಿ, ಕೂದಲಿಗಿಂತ ಸಣ್ಣ ಮೊನೆಗಳು ಮುರಿಯುತ್ತವೆ. ಆಮೇಲೆ ಕೀ ರಾಡು. ಹಳೆಯ ಮಷಿನ್ನುಗಳಲ್ಲಿ ಅದನ್ನು ಹಿಡಿದ ಸ್ಕ್ರೂವನ್ನು ಒಂದೂವರೆ ಸುತ್ತು ಸಡಿಲಿಸಿದರೆ ಸಾಕು. ಇನ್ನೂ ತಿರುಗಿಸಿದರೆ ಡಯಲ್ ಕೆಳಗಿನ ಲಿವರ್ ಕಳಚಿ ಬೀಳುತ್ತದೆ, ಹತ್ತು ನಿಮಿಷದ ಕೆಲಸ ಒಂದು ಗಂಟೆಯದ್ದಾಗುತ್ತದೆ. ಆಮೇಲೆ ಒಂದೊಂದಾಗಿ ಮುಳ್ಳು, ಡಯಲ್, ಬ್ಯಾಲೆನ್ಸ್, ಚಕ್ರವನ್ನು ತಡೆತಡೆದು ಬಿಡುವ ಪ್ಯಾಲೆಟ್ ಎಂಬ ಕೊಕ್ಕೆ, ಚಕ್ರಗಳು, ಕೊನೆಗೆ ಸ್ಪ್ರಿಂಗಿನ ಡಬ್ಬಿ. ಮುಳ್ಳು, ಡಯಲ್ ಬಿಟ್ಟು ಉಳಿದದ್ದನ್ನೆಲ್ಲ ಪೆಟ್ರೋಲಿನಲ್ಲಿ ತೊಳೆದು, ಚೂಪು ಮಾಡಿದ ಕಡ್ಡಿಯನ್ನು ತೂತಿರುವ ಕಲ್ಲುಗಳಲ್ಲೆಲ್ಲ ತಿರುಗಿಸಿ, ಕಡ್ಡಿಯ ತುದಿ ಕಪ್ಪಾಗುವುದು ನಿಲ್ಲುವ ತನಕ ಮತ್ತೆ ಮತ್ತೆ ತಿಕ್ಕಬೇಕು. ‘ಮೊದ್ಲು ಮಿಲ್ಲಿನವರ ವಾಚ್ ಬರ್ತಿದ್ವು. ಬಿಚ್ಚಿದ್ರೆ ಅರಳೆ ಎಳೆ ಸಿಗ್ತಿತ್ತು, ಕೀ ಸಂದಿಯಿಂದ ಒಳಗೆ ಹೋಗಿರೋದು’ ಅಂತ ಯಜಮಾನರು ನೆನೆಸಿಕೊಳ್ಳುತ್ತಾರೆ. ದಾವಣಗೆರೆಯ ಹತ್ತಿ ಗಿರಣಿಗಳ ಕಾಲದ ಅಷ್ಟು ಸಣ್ಣ ಸಾಕ್ಷಿ ಬೇರೆಲ್ಲೂ ಸಿಗಲಾರದು.

ಎಣ್ಣೆಯ ಮಾತಿಗೆ ಬಂದರೆ, ಅದು ಒಂದೇ ಬಗೆಯದ್ದಲ್ಲ. ಮುಖ್ಯ ಸ್ಪ್ರಿಂಗಿಗೆ ಗ್ರೀಸು, ನಿಧಾನ ತಿರುಗುವ ನಡು ಚಕ್ರಕ್ಕೆ ಮಂದ ಎಣ್ಣೆ, ವೇಗದ ಚಕ್ರಗಳಿಗೂ ಬ್ಯಾಲೆನ್ಸಿಗೂ ತೆಳು ಎಣ್ಣೆ. ಕಲ್ಲಿನ ಮೇಲೊಂದು ಬಟ್ಟಲಿನಂಥ ತಗ್ಗು ಇರುತ್ತದೆ. ಅದು ಅರ್ಧದಿಂದ ಮುಕ್ಕಾಲಿನೊಳಗೆ ತುಂಬಬೇಕು. ತುಳುಕಿದರೆ ಎಣ್ಣೆ ಅಲ್ಲಿ ನಿಲ್ಲದೆ ಪ್ಲೇಟಿನ ಮೇಲೆ ಹರಡಿ ಕಲ್ಲು ಒಣಗುತ್ತದೆ. ಅಂದರೆ ಹೆಚ್ಚು ಎಣ್ಣೆ ಹಾಕಿದ ವಾಚು ಎಣ್ಣೆಯಿಲ್ಲದೆ ಸವೆಯುತ್ತದೆ. ಪ್ಯಾಲೆಟ್ ಅತ್ತಿತ್ತ ತಿರುಗುವ ಮೊನೆಗಳಿಗೆ ಎಣ್ಣೆ ಬಿಡಲೇಬಾರದು. ಬ್ಯಾಲೆನ್ಸನ್ನು ತೂಗಿಸುವ ಕೂದಲೆಳೆಯಂಥ ಹೇರ್ ಸ್ಪ್ರಿಂಗಿಗೆ ಒಂದು ಚೂರು ತಾಗಿದರೂ ಅದರ ಸುತ್ತುಗಳು ಒಂದಕ್ಕೊಂದು ಅಂಟಿ, ವಾಚು ಗಂಟೆಗೆ ಹತ್ತಾರು ನಿಮಿಷ ಮುಂದೆ ಓಡಬಹುದು. ಯೂಟ್ಯೂಬ್ ನೋಡಿ ಮನೆಯಲ್ಲೇ ಹೊಲಿಗೆ ಮಷಿನ್ ಎಣ್ಣೆ ಬಿಟ್ಟವರ ವಾಚುಗಳು ಇದೇ ಪೆಟ್ಟಿಗೆಗೆ ಬರುತ್ತವೆ, ತಂದವರು ‘ಏನೂ ಮಾಡಿಲ್ಲ ಅಂಕಲ್, ತಾನಾಗೇ ಹಿಂಗಾಯ್ತು’ ಅನ್ನುತ್ತಾರೆ.

ವಾಚು ಜೋರಾಗಿ ಮುಂದೆ ಓಡಿದರೆಲ್ಲ ಎಣ್ಣೆಯ ದೋಷವೇ ಆಗಬೇಕಿಲ್ಲ. ಫೋನಿನ ಸ್ಪೀಕರ್, ಬ್ಯಾಗಿನ ಆಯಸ್ಕಾಂತದ ಗುಂಡಿ, ಲ್ಯಾಪ್‌ಟಾಪಿನ ಅಂಚು ಇವುಗಳಿಂದಲೂ ಹೇರ್ ಸ್ಪ್ರಿಂಗಿನ ಸುತ್ತುಗಳು ಅಂಟುತ್ತವೆ. ಮಕ್ಕಳ ದಿಕ್ಸೂಚಿಯ ಮೇಲೆ ವಾಚು ಹಿಡಿದಾಗ ಸೂಜಿ ಬಡಿತಕ್ಕೆ ತಕ್ಕಂತೆ ನಡುಗಿದರೆ ಅದೇ ಕಾಯಿಲೆ. ಕಾಂತತೆ ತೆಗೆಯುವ ಸಣ್ಣ ಪೆಟ್ಟಿಗೆ ಕೆಲವೇ ನೂರು ರೂಪಾಯಿ: ಗುಂಡಿ ಒತ್ತಿ ಹಿಡಿದು, ವಾಚನ್ನು ಮೇಲಿಟ್ಟು, ನಿಧಾನವಾಗಿ ತೋಳಿನಷ್ಟು ದೂರ ತಂದ ಮೇಲೆಯೇ ಗುಂಡಿ ಬಿಡಬೇಕು. ಹತ್ತಿರವಿದ್ದಾಗಲೇ ಬಿಟ್ಟರೆ ಮೊದಲಿಗಿಂತ ಹೆಚ್ಚು ಅಂಟುತ್ತದೆ.

‘ಜಾಸ್ತಿ ಕೀ ಕೊಟ್ಟು ಕೆಡಿಸ್ಬಿಟ್ರು’ ಅನ್ನುವ ಆರೋಪ ಮನೆಮನೆಯಲ್ಲಿ ಯಾವುದೋ ಸೋದರಮಾವನ ಮೇಲೆ ಇರುತ್ತದೆ. ಪಾಪ, ಅವರದ್ದೇನೂ ತಪ್ಪಿಲ್ಲ. ಇಪ್ಪತ್ತು ಇಪ್ಪತ್ತೈದು ಸುತ್ತಿಗೆ ಸ್ಪ್ರಿಂಗ್ ತುಂಬಿ ಕೀ ತಾನೇ ಬಿಗಿಯುತ್ತದೆ, ಅಲ್ಲಿಗೆ ಬಿಟ್ಟರೆ ಆಯಿತು. ಪೂರ್ತಿ ಕೀ ಕೊಟ್ಟರೂ ಓಡದೆ ನಿಂತದ್ದು ಎಣ್ಣೆ ಒಣಗಿದ್ದರಿಂದ. ಬಡಿತ ಅಳೆಯುವ ಮಷಿನ್ನಿಗೆ ಇಟ್ಟರೆ ಇದು ಮೊದಲೇ ಗೊತ್ತಾಗುತ್ತದೆ: ಡಯಲ್ ಮೇಲ್ಮುಖವಾಗಿದ್ದಾಗ ಬ್ಯಾಲೆನ್ಸ್ 260 ಡಿಗ್ರಿ ಮೇಲೆ ತೂಗಿದರೆ ಆರೋಗ್ಯ, 200ರ ಕೆಳಗಿಳಿದರೆ ಬಿಚ್ಚುವ ಹೊತ್ತು. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಬೇಕಾದ್ದು. ಹದಿಮೂರು ಎಚ್‌ಎಂಟಿ ಇಟ್ಟವನು ವರ್ಷಕ್ಕೆ ಮೂರನ್ನಾದರೂ ತರಬೇಕು. ಬರುವುದಿಲ್ಲ. ಆ ದುಡ್ಡಿಗೆ ಹದಿನಾಲ್ಕನೆಯದು ಬರುತ್ತದೆ.

ಮುಂದಿನ ವಾರ

ಆ ಗಿರಾಕಿ ಮುಂದಿನ ವಾರ ಬರಲಿಲ್ಲ. ತಿಂಗಳು ಬಿಟ್ಟು ಬಂದ, ಆರುನೂರಕ್ಕೆ ಒಪ್ಪಿಸಿದ, ಜನತಾ ಕೊಟ್ಟು ಹೋದ. ಮೂರು ದಿನದಲ್ಲಿ ಕೆಲಸ ಮುಗಿಯಿತು. ಅದೀಗ ಯಜಮಾನರ ಬಲಗಡೆಯ ಡ್ರಾಯರಿನಲ್ಲಿದೆ, ಫೋನ್ ನಂಬರಿನ ಚೀಟಿ ಸಮೇತ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ. ಅಂಥ ಕವರುಗಳು ಅಲ್ಲಿ ನಲವತ್ತಕ್ಕೂ ಹೆಚ್ಚಿವೆ, ಎಲ್ಲವೂ ರಿಪೇರಿ ಆದವು, ಎಲ್ಲವೂ ನಿಂತವು. ಕೆಲವು ಚೀಟಿಯ ಶಾಯಿ ಮಾಸಿ ನಂಬರಿನ ಕೊನೆಯ ಎರಡು ಅಂಕಿ ಕಾಣುವುದಿಲ್ಲ. ಗಿರಾಕಿ ಇಲ್ಲದ ಮಧ್ಯಾಹ್ನ ಯಜಮಾನರು ಫೋನ್ ಮಾಡುತ್ತಾರೆ, ಸ್ಪೀಕರಿಗೆ ಹಾಕಿ ಪಕ್ಕದಲ್ಲಿಡುತ್ತಾರೆ, ಕೈ ಎರಡೂ ಬೇಕಲ್ಲ.

‘ನಿಮ್ ಜನತಾ ರೆಡಿ ಐತೆ ನೋಡ್ರಿ.’

‘ಹೌದಾ ಅಂಕಲ್, ಬರ್ತೀನಿ. ಪೈಲಟ್ ಒಂದು ಬರೋದಿದೆ, ಅದೂ ಬರ್ಲಿ, ಎರಡೂ ಒಟ್ಟಿಗೇ ನೋಡಿಬಿಡೋಣ.’

‘ಆತು.’

ಮಾತು ಮುಗಿಯುವಷ್ಟರಲ್ಲಿ ಜನತಾಕ್ಕೆ ಹದಿನೆಂಟು ಸುತ್ತು ಕೀ ಆಗಿತ್ತು. ಇನ್ನೂ ನಾಲ್ಕು ಸುತ್ತು ಕೊಟ್ಟು, ಕಿವಿಗಿಟ್ಟು ಕೇಳಿ, ಕವರಿಗೆ ಹಾಕಿದರು. ಮುಂದಿನ ಕವರ್ ಎತ್ತಿಕೊಂಡರು.